ಕೆಲಸದ ಮೇಲೆ ಮೊದಲ ಸಲ ಬ್ಯಾಂಕಾಕ್‌ಗೆ: ಮೊದಲ ಎರಡು ದಿನ ಎಡವದಿರಲು

ಬ್ಯಾಂಕಾಕ್ ಎಂಥ ಊರು ಎಂಬ ಅಭಿಪ್ರಾಯ ಹೆಚ್ಚಿನವರಿಗೆ ಮೊದಲ ದಿನ ಸಂಜೆಯೊಳಗೆ ಮೂಡಿಬಿಡುತ್ತದೆ. ಒಬ್ಬರು ಇಷ್ಟು ಸಲೀಸಾದ ಊರೇ ಇಲ್ಲ ಅನ್ನುತ್ತಾರೆ. ಇನ್ನೊಬ್ಬರು ನಾಲ್ಕು ಕಿಲೋಮೀಟರ್ ಹೋಗಲು ಒಂದೂವರೆ ಗಂಟೆ ಟ್ಯಾಕ್ಸಿಯಲ್ಲಿ ಕೂತು, ಮೀಟಿಂಗ್ ತಪ್ಪಿಸಿಕೊಂಡು, ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ಹಿಂದಿರುಗುತ್ತಾರೆ. ಇಬ್ಬರೂ ನೋಡಿದ್ದು ಒಂದೇ ಊರನ್ನು. ಮೊದಲನೆಯವರ ಹೋಟೆಲ್ ರೈಲು ನಿಲ್ದಾಣದ ಪಕ್ಕದಲ್ಲಿತ್ತು, ಎರಡನೆಯವರದು ಇರಲಿಲ್ಲ. ಈ ಲೇಖನದ ಬಹುಪಾಲು ಆ ಒಂದು ವಿಷಯದ ಸುತ್ತಲೇ ಇದೆ.

ಹೊರಡುವ ಮುನ್ನ

2024ರ ಜುಲೈ 15ರಿಂದ ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಪ್ರವಾಸಕ್ಕೂ ಸಣ್ಣ ಅವಧಿಯ ವ್ಯಾಪಾರ ಭೇಟಿಗೂ ವೀಸಾ ಇಲ್ಲದೆ 60 ದಿನಗಳ ಪ್ರವೇಶವನ್ನು ಥಾಯ್ಲೆಂಡ್ ಜಾರಿಗೆ ತಂದಿತು. ಈ ನಿಯಮವನ್ನು ಅಲ್ಲಿನ ಸರ್ಕಾರ ಆಗಾಗ ಪರಿಷ್ಕರಿಸುತ್ತದೆ. ಆದ್ದರಿಂದ ಟಿಕೆಟ್ ಮಾಡಿಸುವ ದಿನ ಥಾಯ್ ರಾಯಭಾರ ಕಚೇರಿಯ ತಾಣದಲ್ಲಿ ಒಮ್ಮೆ ನೋಡಿಕೊಳ್ಳಿ. ಹೋದ ವರ್ಷ ಹೋಗಿಬಂದ ಸಹೋದ್ಯೋಗಿಯ ಮಾತು ಇದಕ್ಕೆ ಸಾಲದು.

ಅದಕ್ಕಿಂತ ಮುಖ್ಯವಾದದ್ದು ನೀವು ಅಲ್ಲಿ ಏನು ಮಾಡಲು ಹೋಗುತ್ತಿದ್ದೀರಿ ಎಂಬುದು. ಸಭೆಗೆ ಕೂರುವುದು, ಪ್ರದರ್ಶನ ನೋಡುವುದು, ಗ್ರಾಹಕರನ್ನು ಭೇಟಿಯಾಗುವುದಕ್ಕೆ ಕೆಲಸದ ಪರವಾನಗಿ ಬೇಕಿಲ್ಲ. ಪೀಣ್ಯದಿಂದ ಯಂತ್ರ ಕಳಿಸಿ, ಅದನ್ನು ಕೂರಿಸಲು ಅಥವಾ ರಿಪೇರಿ ಮಾಡಲು ಚೊನ್‌ಬುರಿ, ರಯೋಂಗ್ ಕಡೆಯ ಕಾರ್ಖಾನೆಗೆ ಎಂಜಿನಿಯರ್ ಹೋಗುತ್ತಿದ್ದರೆ ಲೆಕ್ಕ ಬೇರೆ. ಸ್ಪ್ಯಾನರ್ ಕೈಗೆತ್ತಿಕೊಂಡರೆ ಅದು ಅಲ್ಲಿನ ಕಾನೂನಿನಲ್ಲಿ ಕೆಲಸ. ತುರ್ತಿನ, 15 ದಿನದೊಳಗೆ ಮುಗಿಯುವ ಕೆಲಸಕ್ಕೆ ಕಾರ್ಮಿಕ ಇಲಾಖೆಗೆ ಮೊದಲೇ ಸೂಚನೆ ಕೊಡುವ ದಾರಿಯೊಂದಿದೆ. ಹೊರಡುವ ಮುಂಚೆಯೇ ಅದನ್ನು ಆತಿಥೇಯ ಕಂಪನಿಯಿಂದ ಮಾಡಿಸಿ, ಪ್ರತಿಯನ್ನು ಕೈಲಿಟ್ಟುಕೊಳ್ಳಿ.

ಇಳಿಯುವ ದಿನಕ್ಕೆ ಮುಂಚಿನ ಮೂರು ದಿನದೊಳಗೆ ಥಾಯ್ಲೆಂಡ್ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. 2025ರ ಮೇ 1ರಿಂದ ಇದು ಕಡ್ಡಾಯ, ಮತ್ತು ಪೂರ್ತಿ ಉಚಿತ. ಹುಡುಕಾಟದಲ್ಲಿ ಮೇಲೆ ಬರುವ ಎಷ್ಟೋ ತಾಣಗಳು ಇದೇ ಅರ್ಜಿಗೆ ದುಡ್ಡು ಕೇಳುತ್ತವೆ. ಅಸಲಿ ತಾಣದ ವಿಳಾಸ ‘ಗೋ ಡಾಟ್ ಟಿಎಚ್’ ಎಂದು ಮುಗಿಯುತ್ತದೆ. ಹಣ ಪಾವತಿಸುವ ಪುಟ ಬಂತೆಂದರೆ ತಪ್ಪು ಜಾಗಕ್ಕೆ ಬಂದಿದ್ದೀರಿ ಎಂದರ್ಥ. ಬರುವ ಕ್ಯೂಆರ್ ಕೋಡನ್ನು ಸ್ಕ್ರೀನ್‌ಶಾಟ್ ತೆಗೆದಿಡಿ. ಇಳಿದ ಕೂಡಲೇ ಇಂಟರ್ನೆಟ್ ಸಿಗುತ್ತದೆ ಎಂದು ನಂಬಿ ಕೂರಬೇಡಿ.

ಇನ್ನು ಮೂರು ಸಣ್ಣ ತಯಾರಿ. ಬ್ಯಾಂಕಿನ ಆಪ್‌ನಲ್ಲಿ ಕಾರ್ಡಿನ ಅಂತಾರಾಷ್ಟ್ರೀಯ ಬಳಕೆ ಮತ್ತು ಟ್ಯಾಪ್ ಪಾವತಿ ಎರಡನ್ನೂ ಆನ್ ಮಾಡಿ, ಏಕೆಂದರೆ ನಮ್ಮ ಕಾರ್ಡ್‌ಗಳಲ್ಲಿ ಇವು ಸಾಮಾನ್ಯವಾಗಿ ಆಫ್ ಆಗಿರುತ್ತವೆ. ಲೈನ್ ಎಂಬ ಆಪ್ ಹಾಕಿಕೊಂಡು ಭಾರತದ ನಂಬರಿನಲ್ಲಿ ನೋಂದಾಯಿಸಿ. ನಮಗೆ ವಾಟ್ಸ್‌ಆಪ್ ಹೇಗೋ ಅಲ್ಲಿಯವರಿಗೆ ಲೈನ್ ಹಾಗೆ. ಓಟಿಪಿ ಅಲ್ಲಿ ಹೋದ ಮೇಲೆ ಬರದಿದ್ದರೆ ಕಷ್ಟ. ಮೂರನೆಯದು ಪ್ಲಗ್. ತೆಳುವಾದ ಎರಡು ದುಂಡು ಪಿನ್ನಿನ ಚಾರ್ಜರ್ ಅಲ್ಲಿನ ಸಾಕೆಟ್‌ಗೆ ಹೋಗುತ್ತದೆ, ಲ್ಯಾಪ್‌ಟಾಪಿನ ದಪ್ಪ ಮೂರು ಪಿನ್ ಹೋಗುವುದಿಲ್ಲ. ವಿದ್ಯುತ್ ನಮ್ಮಂತೆಯೇ, ವೋಲ್ಟೇಜ್ ಚಿಂತೆ ಬೇಡ.

ಹೋಟೆಲ್ ಆರಿಸುವುದು: ಇಲ್ಲೇ ಅರ್ಧ ಕೆಲಸ

ಬ್ಯಾಂಕಾಕ್‌ನ ರಸ್ತೆಗಳು ಯಾಕೆ ಹಾಗೆ ಕಟ್ಟಿಕೊಳ್ಳುತ್ತವೆ ಎಂದು ತಿಳಿದರೆ ಹೋಟೆಲ್ ಆರಿಸುವುದು ಸುಲಭ. ಈ ಊರು ಕಾಲುವೆಗಳ ಮೇಲೆ ಬೆಳೆದದ್ದು. ಮುಖ್ಯ ರಸ್ತೆಗಳು ಕೆಲವೇ. ಅವುಗಳಿಂದ ಎರಡೂ ಬದಿಗೆ ಉದ್ದುದ್ದ ಓಣಿಗಳು, ಅಲ್ಲಿನ ಮಾತಿನಲ್ಲಿ ‘ಸೋಯ್’, ಹಳೆಯ ಗದ್ದೆಗಳ ಉದ್ದನೆಯ ಪಟ್ಟಿಗಳ ಜಾಡಿನಲ್ಲೇ ಒಳಗೆ ಹೋಗುತ್ತವೆ. ಬಹಳಷ್ಟು ಸೋಯ್‌ಗಳು ಕೊನೆಗೆ ಗೋಡೆಗೋ ಕಾಲುವೆಗೋ ಹೋಗಿ ನಿಲ್ಲುತ್ತವೆ. ಅಡ್ಡ ದಾರಿ ಇರುವುದಿಲ್ಲ. ಒಳಗಿರುವ ಪ್ರತಿಯೊಂದು ವಾಹನವೂ ಅದೇ ಬಾಯಿಂದ ಮುಖ್ಯ ರಸ್ತೆಗೆ ಬರಬೇಕು. ನಕ್ಷೆಯಲ್ಲಿ ಮುನ್ನೂರು ಮೀಟರ್ ದೂರದ ಪಕ್ಕದ ಸೋಯ್‌ನ ಕಟ್ಟಡಕ್ಕೆ ಹೋಗಲು ಎರಡು ಕಿಲೋಮೀಟರ್ ಸುತ್ತುವುದು ಇಲ್ಲಿ ಸಾಮಾನ್ಯ.

ಹಾಗಾಗಿ ಹೋಟೆಲ್ ಹುಡುಕುವಾಗ ಗ್ರಾಹಕರ ಕಚೇರಿಯಿಂದ ಎಷ್ಟು ಕಿಲೋಮೀಟರ್ ಎಂದು ನೋಡಬೇಡಿ. ಎರಡೇ ಪ್ರಶ್ನೆ ಕೇಳಿ. ಹೋಟೆಲ್ ಬಾಗಿಲಿಂದ ರೈಲು ನಿಲ್ದಾಣಕ್ಕೆ ನಡಿಗೆ ಎಷ್ಟು? ಕಚೇರಿ ಅದೇ ಮಾರ್ಗದಲ್ಲಿದೆಯೇ? ನಡಿಗೆ ಐದು ನಿಮಿಷ ಮೀರಿದರೆ ಬೇರೆ ನೋಡಿ. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿನಲ್ಲಿ ಹತ್ತು ನಿಮಿಷ ನಡೆದರೆ ಅಂಗಿ ಬೆನ್ನಿಗೆ ಅಂಟುತ್ತದೆ, ಆ ಅಂಗಿಯಲ್ಲೇ ಮೀಟಿಂಗ್‌ಗೆ ಕೂರಬೇಕಾಗುತ್ತದೆ.

ಮೊದಲ ಸಲ ಹೋಗುವವರಿಗೆ ನಮ್ಮ ಮೊದಲ ಆಯ್ಕೆ ಅಸೋಕ್. ಸುಖುಮ್‌ವಿಟ್ ರಸ್ತೆಯ ಈ ಕೂಡಲಿಯಲ್ಲಿ ಮೇಲಿನ ರೈಲು ಬಿಟಿಎಸ್‌ನ ಅಸೋಕ್ ನಿಲ್ದಾಣವೂ ಸುರಂಗದ ರೈಲು ಎಂಆರ್‌ಟಿಯ ಸುಖುಮ್‌ವಿಟ್ ನಿಲ್ದಾಣವೂ ಒಂದಕ್ಕೊಂದು ಅಂಟಿಕೊಂಡಿವೆ. ಸೀಲೊಮ್, ಸಾಥೋನ್ ಕಡೆಯ ಬ್ಯಾಂಕು ಮತ್ತು ಕಚೇರಿಗಳಿಗೆ ಎಂಆರ್‌ಟಿಯಲ್ಲಿ ನಾಲ್ಕೇ ನಿಲ್ದಾಣ: ಸಿರಿಕಿಟ್ ಸಮ್ಮೇಳನ ಕೇಂದ್ರ, ಖ್ಲೊಂಗ್ ತೇಯ್, ಲುಂಫಿನಿ, ಸೀಲೊಮ್. ಇದೇ ದಾರಿ ಸಂಜೆ ಆರಕ್ಕೆ ಕಾರಿನಲ್ಲಿ ಒಂದು ಗಂಟೆಯೂ ಹಿಡಿಯಬಹುದು.

ಪ್ರದರ್ಶನಕ್ಕೆ ಹೋಗುವವರು ಮಾತ್ರ ಕಣ್ಣುಮುಚ್ಚಿ ಸುಖುಮ್‌ವಿಟ್ ಹಿಡಿಯಬಾರದು. ಸಿರಿಕಿಟ್ ಕೇಂದ್ರ ಮತ್ತು ಬಾಂಗ್ ನಾದ ಬೈಟೆಕ್ ಎರಡಕ್ಕೂ ಅಲ್ಲಿಂದ ನೇರ ರೈಲಿದೆ, ತೊಂದರೆಯಿಲ್ಲ. ಇಂಪ್ಯಾಕ್ಟ್ ಎಂಬ ಇನ್ನೊಂದು ಪ್ರದರ್ಶನ ಕೇಂದ್ರ ಇರುವುದು ಊರಿನ ಉತ್ತರಕ್ಕೆ, ನೊಂತಬುರಿಯಲ್ಲಿ. ಪಿಂಕ್ ಮಾರ್ಗದ ಕವಲು ಈಗ ಅಲ್ಲಿಗೆ ಮುಟ್ಟಿದೆಯಾದರೂ ಊರ ಮಧ್ಯದಿಂದ ರೈಲು ಬದಲಿಸುತ್ತ ಹೋಗಬೇಕು. ಮೂರು ದಿನ ಸ್ಟಾಲ್ ನೋಡಿಕೊಳ್ಳುವವರು ಅಲ್ಲೇ ಹತ್ತಿರ ಉಳಿಯುವುದು ಒಳ್ಳೆಯದು.

ಇಳಿದ ಮೇಲಿನ ಮೊದಲ ಒಂದು ಗಂಟೆ

ಟಿಕೆಟ್‌ನಲ್ಲಿ ಯಾವ ವಿಮಾನ ನಿಲ್ದಾಣ ಎಂದು ಓದಿ. ಬ್ಯಾಂಕಾಕ್‌ಗೆ ಎರಡಿವೆ. ಪೂರ್ವದಲ್ಲಿ ಸುವರ್ಣಭೂಮಿ, ಉತ್ತರದಲ್ಲಿ ಹಳೆಯ ಡೋನ್ ಮುಯಾಂಗ್. ಅಗ್ಗದ ವಿಮಾನಗಳು ಹೆಚ್ಚಾಗಿ ಡೋನ್ ಮುಯಾಂಗ್‌ನಲ್ಲಿ ಇಳಿಯುತ್ತವೆ. ಬಂದದ್ದು ಒಂದರಲ್ಲಿ, ವಾಪಸ್ ಟಿಕೆಟ್ ಇನ್ನೊಂದರಿಂದ ಇರುವುದೂ ಉಂಟು.

ಬೆಂಗಳೂರಿನಿಂದ ಹಾರಾಟ ನಾಲ್ಕು ಗಂಟೆಗಿಂತ ಕಡಿಮೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ಮಧ್ಯರಾತ್ರಿ ಹೊರಟರೆ ಸರಿಯಾಗಿ ನಿದ್ದೆಯಾಗುವ ಮೊದಲೇ ಅಲ್ಲಿ ಬೆಳಗಾಗಿರುತ್ತದೆ. ಅಂದೇ ಬೆಳಿಗ್ಗೆ ಹತ್ತಕ್ಕೆ ಮೀಟಿಂಗ್ ಇಟ್ಟುಕೊಳ್ಳುವವರು ಬಹಳ. ದಯವಿಟ್ಟು ಇಟ್ಟುಕೊಳ್ಳಬೇಡಿ. ಹೋಟೆಲ್ ಕೋಣೆ ಸಾಮಾನ್ಯವಾಗಿ ಮಧ್ಯಾಹ್ನ ಎರಡರ ನಂತರ ಸಿಗುವುದು, ಸ್ನಾನವಿಲ್ಲದೆ, ಪೆಟ್ಟಿಗೆ ಎಳೆದುಕೊಂಡು ಗ್ರಾಹಕರ ಎದುರು ನಿಲ್ಲಬೇಕಾಗುತ್ತದೆ.

ಹಣ ಬದಲಿಸಲು ಬ್ಯಾಗೇಜ್ ಬೆಲ್ಟಿನ ಹತ್ತಿರದ ಕೌಂಟರುಗಳಲ್ಲಿ ನಿಲ್ಲಬೇಡಿ. ಸುವರ್ಣಭೂಮಿಯ ನೆಲಮಾಳಿಗೆಗೆ, ಅಂದರೆ ರೈಲು ಹತ್ತುವ ಮಹಡಿಗೆ ಇಳಿದರೆ ಅಲ್ಲಿ ಸಾಲಾಗಿ ಇರುವ ವಿನಿಮಯ ಕೌಂಟರುಗಳಲ್ಲಿ ದರ ಕಣ್ಣಿಗೆ ಕಾಣುವಷ್ಟು ಚೆನ್ನಾಗಿರುತ್ತದೆ. ಡಾಲರ್ ಒಯ್ಯುವುದಾದರೆ ನೂರರ ನೋಟುಗಳನ್ನೇ ಒಯ್ಯಿರಿ, ಮಡಿಕೆಯಿಲ್ಲದವು. ಸಣ್ಣ ನೋಟಿಗೆ ಕಡಿಮೆ ದರ ಕೊಡುತ್ತಾರೆ. ಎಟಿಎಂನಲ್ಲಿ ಹೊರದೇಶದ ಕಾರ್ಡಿಗೆ ಪ್ರತಿ ಸಲಕ್ಕೂ 220ರಿಂದ 250 ಬಾತ್ ಶುಲ್ಕ ಹಿಡಿಯುತ್ತಾರೆ. ಸಣ್ಣ ಮೊತ್ತವನ್ನು ನಾಲ್ಕು ಸಲ ತೆಗೆಯುವ ಬದಲು ಒಂದೇ ಸಲ ತೆಗೆಯಿರಿ. ಯಂತ್ರ ‘ರೂಪಾಯಿಗೆ ಪರಿವರ್ತಿಸಲೇ’ ಎಂದು ಕೇಳಿದರೆ ಬೇಡ ಎಂದು ಒತ್ತಿ. ಅಲ್ಲಿ ತೋರಿಸುವ ದರ ನಿಮ್ಮ ಬ್ಯಾಂಕಿನ ದರಕ್ಕಿಂತ ಕೆಟ್ಟದಾಗಿರುತ್ತದೆ. ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯೂಆರ್ ಫಲಕ ಪ್ರಾಂಪ್ಟ್‌ಪೇಯದು, ಅಲ್ಲಿನ ಬ್ಯಾಂಕ್ ಖಾತೆಗಳಿಗೆ ಜೋಡಿಸಿದ್ದು. ಬೀದಿಯ ಊಟ, ಬೈಕ್, ಟ್ಯಾಕ್ಸಿಗೆ ನಗದು ಇರಲಿ. 20, 50, 100ರ ನೋಟುಗಳನ್ನು ಬೇರೆ ಜೇಬಿನಲ್ಲಿಡಿ. ಬೆಳಿಗ್ಗೆ ಟ್ಯಾಕ್ಸಿಯವರಿಗೆ ಸಾವಿರದ ನೋಟು ಕೊಟ್ಟರೆ ಚಿಲ್ಲರೆ ಇರುವುದಿಲ್ಲ.

ಊರೊಳಗೆ ಹೋಗಲು ಎರಡು ದಾರಿ. ಒಂದೇ ಪೆಟ್ಟಿಗೆಯಿದ್ದರೆ ಏರ್‌ಪೋರ್ಟ್ ರೈಲ್ ಲಿಂಕ್. ಬೆಳಿಗ್ಗೆ ಐದೂವರೆ ಸುಮಾರಿನಿಂದ ಮಧ್ಯರಾತ್ರಿಯವರೆಗೆ ಓಡುತ್ತದೆ, ಕೊನೆಯ ನಿಲ್ದಾಣ ಫಯಾ ಥಾಯ್‌ಗೆ 26 ನಿಮಿಷ, 45 ಬಾತ್. ಅಲ್ಲಿ ಬಿಟಿಎಸ್ ಸಿಗುತ್ತದೆ. ಅಸೋಕ್‌ಗೆ ಹೋಗುವವರು ಅದಕ್ಕೂ ಮೊದಲೇ ಮಕ್ಕಸಾನ್‌ನಲ್ಲಿ ಇಳಿದು, ಸೇತುವೆ ದಾಟಿ ಎಂಆರ್‌ಟಿಯ ಫೆಚ್‌ಬುರಿ ನಿಲ್ದಾಣಕ್ಕೆ ಹೋದರೆ ಸುಖುಮ್‌ವಿಟ್ ಮುಂದಿನದೇ ನಿಲ್ದಾಣ.

ಸಾಮಾನು ಜಾಸ್ತಿಯಿದ್ದರೆ ಟ್ಯಾಕ್ಸಿ. ನೆಲಮಹಡಿಗೆ ಬಂದು, ಯಂತ್ರದಿಂದ ಚೀಟಿ ತೆಗೆದುಕೊಂಡು, ಅದರಲ್ಲಿ ಅಚ್ಚಾದ ಸಂಖ್ಯೆಯ ಜಾಗದಲ್ಲಿ ನಿಂತ ಕಾರು ಹತ್ತಿ. ಚೀಟಿಯನ್ನು ಚಾಲಕರು ಕೇಳಿದರೂ ಕೊಡಬೇಡಿ. ಚಾಲಕ ಮತ್ತು ಕಾರಿನ ವಿವರ ಅದರಲ್ಲಿದೆ. ಸೀಟಿನಲ್ಲಿ ಫೋನ್ ಬಿಟ್ಟಿರೆಂದರೆ ಹುಡುಕಲು ಇರುವುದು ಅದೊಂದೇ. ಮೀಟರ್ 35 ಬಾತ್‌ನಿಂದ ಶುರುವಾಗುತ್ತದೆ, ಮೇಲೆ ವಿಮಾನ ನಿಲ್ದಾಣದ ಶುಲ್ಕ 50. ಎಕ್ಸ್‌ಪ್ರೆಸ್‌ವೇ ಟೋಲ್ ನಿಮ್ಮದೇ, ಊರ ಮಧ್ಯಕ್ಕೆ ಒಟ್ಟು 75 ಬಾತ್ ಆಸುಪಾಸು, ಟೋಲ್ ಗೇಟಿನಲ್ಲೇ ಕೈಗೆ ಕೊಡಬೇಕು. ಇದನ್ನು ತಿಳಿಯದೆ ಚಾಲಕ ಹೆಚ್ಚು ಕೇಳುತ್ತಿದ್ದಾನೆ ಎಂದು ಜಗಳಕ್ಕೆ ನಿಲ್ಲುವವರಿದ್ದಾರೆ.

ಹೆಸರು ಹೇಳುವ ಬಗೆ

ಇಲ್ಲಿ ಕನ್ನಡ ಬಲ್ಲವರಿಗೆ ಒಂದು ಅನುಕೂಲವೂ ಒಂದು ತೊಡಕೂ ಇದೆ. ಥಾಯ್ ಭಾಷೆಯಲ್ಲಿ ಸಂಸ್ಕೃತ, ಪಾಲಿ ಪದಗಳು ತುಂಬಿವೆ. ಉಚ್ಚಾರ ಮಾತ್ರ ಅವರದೇ. ‘ಸುವರ್ಣಭೂಮಿ’ ಎಂದು ನಮ್ಮಂತೆ ಹೇಳಿದರೆ ಟ್ಯಾಕ್ಸಿಯವರಿಗೆ ತಿಳಿಯುವುದಿಲ್ಲ, ‘ಸುವನ್ನಫೂಮ್’ ಎನ್ನಬೇಕು. ರಾಚಥೇವಿ ಎಂದರೆ ರಾಜದೇವಿ, ಚತುಚಕ್ ಎಂದರೆ ಚತುಚಕ್ರ. ಇಂಗ್ಲಿಷ್ ಫಲಕದಲ್ಲಿ ಪಿ-ಎಚ್ ಕಂಡಲ್ಲಿ ಇಂಗ್ಲಿಷಿನ ಎಫ್ ಉಚ್ಚಾರ ಮಾಡಬೇಡಿ. ಅದು ನಮ್ಮ ವರ್ಣಮಾಲೆಯ ಮಹಾಪ್ರಾಣ ‘ಫ’, ತುಟಿ ಮುಚ್ಚಿ ಉಸಿರು ಬಿಟ್ಟು ಹೇಳುವಂಥದ್ದು. ಟಿ-ಎಚ್ ನಮ್ಮ ‘ಥ’. ಶಾಲೆಯಲ್ಲಿ ಅಲ್ಪಪ್ರಾಣ ಮಹಾಪ್ರಾಣ ಕಲಿತವರಿಗೆ ಇದು ಸುಲಭ, ಇಂಗ್ಲಿಷ್ ಓದಿನ ಮೇಲೆ ಹೋದವರಿಗೆ ಕಷ್ಟ. ಆದರೂ ಚಾಲಕರಿಗೆ ತೋರಿಸಲು ಹೋಟೆಲ್ ವಿಳಾಸವನ್ನು ಥಾಯ್ ಲಿಪಿಯಲ್ಲಿ ಫೋನಿನಲ್ಲಿ ಇಟ್ಟುಕೊಳ್ಳಿ. ಇಂಗ್ಲಿಷ್ ನಕ್ಷೆ ಓದಲು ಬಾರದ ಚಾಲಕರು ಬಹಳ.

ವಿಳಾಸ ಓದುವುದು

ಸುಖುಮ್‌ವಿಟ್ ರಸ್ತೆಯ ಒಂದು ಬದಿಗೆ ಬೆಸ ಸಂಖ್ಯೆಯ ಸೋಯ್‌ಗಳು, ಇನ್ನೊಂದು ಬದಿಗೆ ಸಮ ಸಂಖ್ಯೆಯವು. ಎರಡೂ ಬದಿ ಒಂದೇ ಲೆಕ್ಕದಲ್ಲಿ ಏರುವುದಿಲ್ಲ, ಏಕೆಂದರೆ ಎರಡು ಬದಿಯಲ್ಲಿ ಓಣಿಗಳ ಸಂಖ್ಯೆ ಸಮ ಇಲ್ಲ. ಸೋಯ್ 55ರ ಎದುರು 56 ಇರುತ್ತದೆ ಎಂದು ಹೋದರೆ ಸಿಗುವುದು 38. 56 ಅಲ್ಲಿಂದ ಎಷ್ಟೋ ಮುಂದೆ. ದೊಡ್ಡ ಸೋಯ್‌ಗಳಿಗೆ ಹೆಸರೂ ಉಂಟು, ಸೋಯ್ 21 ಅಸೋಕ್, 55 ಥೊಂಗ್ ಲೊ, 63 ಎಕ್ಕಮಾಯ್. ಅವುಗಳೊಳಗೆ ಮತ್ತೆ ಉಪಸೋಯ್‌ಗಳು. ‘ಥೊಂಗ್ ಲೊ 13’ ಎಂದರೆ ಥೊಂಗ್ ಲೊ ನಿಲ್ದಾಣದಿಂದ ಒಂದು ಕಿಲೋಮೀಟರಿಗೂ ಹೆಚ್ಚು ಒಳಗಿನ ಓಣಿ. ನಿಲ್ದಾಣದ ಹೆಸರು ಹೊಂದಿಕೆಯಾಯಿತೆಂದು ನಡೆದುಹೋಗಲು ಹೊರಡಬೇಡಿ. ಮನೆ ಸಂಖ್ಯೆಯಲ್ಲಿ ಓರೆಗೆರೆಯಿದ್ದರೆ ಮೊದಲ ಅಂಕಿ ಮೂಲ ನಿವೇಶನದ್ದು, ನಂತರದ್ದು ಅದರಲ್ಲಿ ಎದ್ದ ಕಟ್ಟಡದ್ದು. ಅವು ಬೀದಿಯಲ್ಲಿ ಅನುಕ್ರಮವಾಗಿ ಇರುವುದಿಲ್ಲ. ಕಟ್ಟಡದ ಹೆಸರು ಮತ್ತು ಹತ್ತಿರದ ನಿಲ್ದಾಣದ ಯಾವ ಸಂಖ್ಯೆಯ ದ್ವಾರ ಎಂದು ಆತಿಥೇಯರನ್ನೇ ಕೇಳಿ ಬರೆದುಕೊಳ್ಳಿ.

ಉದ್ದನೆಯ ಸೋಯ್ ಒಳಗೆ ಹೋಗಲು ಅದರ ಬಾಯಲ್ಲೇ ಕಿತ್ತಳೆ ಅಂಗಿ ತೊಟ್ಟ ಬೈಕಿನವರು ನಿಂತಿರುತ್ತಾರೆ. ಇವರಿಗೆ ‘ವಿನ್’ ಎನ್ನುತ್ತಾರೆ. ಸಣ್ಣ ದೂರಕ್ಕೆ ಹತ್ತಿಪ್ಪತ್ತು ಬಾತ್, ದರ ಫಲಕದಲ್ಲಿರುತ್ತದೆ. ಹೆಲ್ಮೆಟ್ ಕೇಳಿ ಹಾಕಿಕೊಳ್ಳಿ, ಮೊಣಕಾಲು ಒಳಗೆ ಮಡಚಿ ಕೂರಿ. ಕಾರುಗಳ ನಡುವೆ ಅವರು ನುಗ್ಗುವಾಗ ಕನ್ನಡಿಗೆ ಮೊದಲು ತಾಗುವುದು ಮೊಣಕಾಲೇ.

ರೈಲು, ಮತ್ತು ಕಾರು ಬೇಕಾದಾಗ

ಬಿಟಿಎಸ್ ಮತ್ತು ಎಂಆರ್‌ಟಿ ಬೇರೆ ಬೇರೆ ಕಂಪನಿಗಳವು. ಒಂದರ ಟಿಕೆಟ್ ಇನ್ನೊಂದಕ್ಕೆ ನಡೆಯದು. ಎಂಆರ್‌ಟಿಯ ಬ್ಲೂ ಮಾರ್ಗದಲ್ಲಿ ಟ್ಯಾಪ್ ಮಾಡುವ ವೀಸಾ, ಮಾಸ್ಟರ್‌ಕಾರ್ಡನ್ನು ಗೇಟಿಗೆ ತೋರಿಸಿದರೆ ಸಾಕು. ಹೊರಬರುವಾಗಲೂ ಅದೇ ಕಾರ್ಡ್ ತೋರಿಸಬೇಕು ಎಂಬುದನ್ನು ಮರೆಯಬೇಡಿ. ಬಿಟಿಎಸ್‌ಗೆ ರ‍್ಯಾಬಿಟ್ ಕಾರ್ಡ್ ಮಾಡಿಸಿ. ಪಾಸ್‌ಪೋರ್ಟ್ ತೋರಿಸಬೇಕು, ಕಾರ್ಡಿನ ಶುಲ್ಕ ಸೇರಿ 200 ಬಾತ್ ಆಸುಪಾಸು. ಎರಡು ದಿನಕ್ಕೆ ಯಾಕೆ ಎಂದುಕೊಂಡು ಬಿಟ್ಟವರು ಬೆಳಿಗ್ಗೆ ಎಂಟೂವರೆಗೆ ಟಿಕೆಟ್ ಯಂತ್ರದ ಸಾಲಿನಲ್ಲಿ ಹದಿನೈದು ನಿಮಿಷ ಕಳೆಯುತ್ತಾರೆ. ಬೆಳಿಗ್ಗೆ ಎಂಟಕ್ಕೆ ಮತ್ತು ಸಂಜೆ ಆರಕ್ಕೆ ನಿಲ್ದಾಣದಲ್ಲಿ ರಾಷ್ಟ್ರಗೀತೆ ಹಾಕುತ್ತಾರೆ. ಸುತ್ತಲಿನವರು ನಿಂತರೆ ನೀವೂ ನಿಲ್ಲಿ.

ಟ್ಯಾಕ್ಸಿ ಬೇಕಾದರೆ ಕಾರಿನ ಮುಂಗಾಜಿನಲ್ಲಿ ಕೆಂಪು ಅಕ್ಷರ ಉರಿಯುತ್ತಿದ್ದರೆ ಖಾಲಿ ಎಂದರ್ಥ. ಖಾಲಿಯಿದ್ದೂ ಬರಲೊಪ್ಪದಿದ್ದರೆ ಸಾಮಾನ್ಯವಾಗಿ ಎರಡು ಕಾರಣ. ಮಧ್ಯಾಹ್ನ ಮೂರರಿಂದ ಐದರವರೆಗೆ ಪಾಳಿ ಬದಲಾಗುತ್ತದೆ, ಬಾಡಿಗೆ ಕಾರನ್ನು ಮಾಲೀಕರಿಗೆ ಒಪ್ಪಿಸಬೇಕಿರುತ್ತದೆ, ಇಲ್ಲವೇ ನೀವು ಹೇಳಿದ ರಸ್ತೆ ಆಗಲೇ ಕಟ್ಟಿಕೊಂಡಿರುತ್ತದೆ. ವಾದಕ್ಕಿಳಿಯದೆ ಮುಂದಿನ ಕಾರು ನೋಡಿ, ಅಥವಾ ಗ್ರ್ಯಾಬ್, ಬೋಲ್ಟ್ ಎಂಬ ಕಾರು ಕರೆಯುವ ಆಪ್ ಬಳಸಿ. ಮೇಯಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಶುಕ್ರವಾರ ಸಂಜೆ, ತಿಂಗಳ ಕೊನೆ, ಮಳೆ ಮೂರೂ ಒಟ್ಟಿಗೆ ಬಂದರೆ ಕಾರಿನ ಯೋಚನೆಯನ್ನೇ ಬಿಡಿ.

ಕಚೇರಿಯ ಬಾಗಿಲಲ್ಲಿ

ಎತ್ತರದ ಕಟ್ಟಡಗಳಲ್ಲಿ ಕೆಳಗಿನ ಮೇಜಿನವರು ಗುರುತಿನ ಕಾರ್ಡ್ ಇಟ್ಟುಕೊಂಡು ಸಂದರ್ಶಕರ ಕಾರ್ಡ್ ಕೊಡುತ್ತಾರೆ. ಪಾಸ್‌ಪೋರ್ಟ್ ಬಿಟ್ಟುಕೊಡದೆ ಡ್ರೈವಿಂಗ್ ಲೈಸೆನ್ಸ್ ಕೊಟ್ಟು ನೋಡಿ, ಬಹುತೇಕ ಒಪ್ಪುತ್ತಾರೆ. ಇದಕ್ಕೂ ಲಿಫ್ಟಿನ ಸಾಲಿಗೂ ಸೇರಿ ಹದಿನೈದು ನಿಮಿಷ ಇಟ್ಟುಕೊಳ್ಳಿ.

ಅಲ್ಲಿ ಜನರನ್ನು ಕರೆಯುವುದು ಮೊದಲ ಹೆಸರಿನಿಂದ, ಮುಂದೆ ‘ಖುನ್’ ಸೇರಿಸಿ. ಉಪನಾಮ ಕಡ್ಡಾಯವಾದದ್ದೇ 1913ರ ಕಾನೂನಿನಿಂದ, ಇಂದಿಗೂ ಮಾತಿನಲ್ಲಿ ಅದು ಬರುವುದಿಲ್ಲ. ಜೊತೆಗೆ ಪ್ರತಿಯೊಬ್ಬರಿಗೂ ಒಂದು ಅಡ್ಡಹೆಸರು. ಇಮೇಲಿನಲ್ಲಿ ಆರು ಅಕ್ಷರದ ಹೆಸರಿದ್ದವರು ಫೋನಿನಲ್ಲಿ ‘ನೊಕ್’ ಎಂದೋ ‘ಲೆಕ್’ ಎಂದೋ ಹೇಳುತ್ತಾರೆ. ಕೆಳಗಿನ ಮೇಜಿನಲ್ಲಿ ಅಡ್ಡಹೆಸರು ಹೇಳಿದರೆ ಯಾರೆಂದು ತಿಳಿಯದು. ಪೂರ್ಣ ಹೆಸರು, ಕಂಪನಿ, ಮಹಡಿ ಮೂರನ್ನೂ ಬರೆದಿಟ್ಟುಕೊಳ್ಳಿ. ನಮ್ಮ ಕಡೆಯ ತೊಡಕು ಇನಿಶಿಯಲ್‌ನದು. ಪಾಸ್‌ಪೋರ್ಟಿನಲ್ಲಿ ‘ಹೊಸಹಳ್ಳಿ ರಾಮಪ್ಪ ಮಂಜುನಾಥ್’ ಎಂದಿದ್ದರೆ ನಿಮ್ಮನ್ನು ಖುನ್ ಹೊಸಹಳ್ಳಿ ಎಂದು ಕರೆಯುತ್ತಾರೆ, ಕರೆದೊಯ್ಯಲು ಬಂದವರ ಕೈಯ ಫಲಕದಲ್ಲೂ ಅದೇ ಇರುತ್ತದೆ. ಇಮೇಲಿನ ಕೊನೆಯಲ್ಲಿ ‘ಮಂಜುನಾಥ್ ಎಂದು ಕರೆಯಿರಿ’ ಎಂದು ಮೊದಲೇ ಹಾಕಿ.

ಕೈಮುಗಿದು ವಂದಿಸುವ ‘ವಾಯ್’ ನಮ್ಮ ನಮಸ್ಕಾರದಂತೆಯೇ. ಅವರು ಮಾಡಿದರೆ ನೀವೂ ಮಾಡಿ. ಮಾತಿನ ನಡುವೆ ‘ಖ್ರಪ್’, ‘ಖಾ’ ಎನ್ನುತ್ತಿದ್ದರೆ ಕೇಳಿಸಿಕೊಳ್ಳುತ್ತಿದ್ದೇವೆ ಎಂದಷ್ಟೇ ಅರ್ಥ, ಒಪ್ಪಿಗೆ ಎಂದು ತಿಳಿದು ಊರಿಗೆ ಆರ್ಡರ್ ಆಯಿತು ಎಂದು ಸಂದೇಶ ಕಳಿಸಬೇಡಿ. ಎದುರಿನವರ ಮನಸ್ಸಿಗೆ ನೋವಾಗಬಾರದೆಂದು ನೇರವಾಗಿ ‘ಇಲ್ಲ’ ಎನ್ನದಿರುವುದು ಅವರ ಮರ್ಯಾದೆ. ಮೀಟಿಂಗ್ ಮುಗಿದ ದಿನವೇ ಒಪ್ಪಿದ ದರ, ಪ್ರಮಾಣ, ತಾರೀಖು ಬರೆದು ಕಳಿಸಿ, ಉತ್ತರ ಬರೆಹದಲ್ಲಿ ಬಂದ ಮೇಲೆ ನಂಬಿ. ರಾಜಮನೆತನದ ಬಗ್ಗೆ ತಮಾಷೆಗೂ ಮಾತಾಡಬೇಡಿ, ಅಲ್ಲಿನ ದಂಡಸಂಹಿತೆಯ 112ನೇ ವಿಧಿಯಲ್ಲಿ ಮೂರರಿಂದ ಹದಿನೈದು ವರ್ಷ ಸೆರೆವಾಸವಿದೆ. ಇ-ಸಿಗರೇಟ್ ಒಯ್ಯಲೇಬೇಡಿ, ಅದು ನಿಷಿದ್ಧ.

ಸಸ್ಯಾಹಾರಿಗಳ ಊಟ

‘ವೆಜ್’ ಎಂಬ ಪದ ನಂಬಿ ಕೂರಬೇಡಿ. ತರಕಾರಿಯ ಪಲ್ಯಕ್ಕೂ ಮೀನಿನ ರಸ ‘ನಾಮ್ ಪ್ಲಾ’ ಅಥವಾ ಸಿಂಪಿಯ ಸಾಸ್ ಹಾಕುತ್ತಾರೆ, ಥಾಯ್ ಕರ್ರಿಗಳ ಮಸಾಲೆಯಲ್ಲೇ ಸಿಗಡಿಯ ಪೇಸ್ಟ್ ‘ಕಪಿ’ ಅರೆದಿರುತ್ತದೆ. ಮಾಡಿದವರಿಗೆ ಅದು ಉಪ್ಪು ಇದ್ದಂತೆ, ಮಾಂಸ ಅನ್ನಿಸುವುದೇ ಇಲ್ಲ. ಹೇಳಬೇಕಾದ ಪದ ‘ಜೇ’. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಜೇ ಅಂಗಡಿ: ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ‘ಮಂಗ್‌ಸವಿರತ್’ ಎಂದರೆ ಮೊಟ್ಟೆ ಬರಬಹುದು. ಗ್ರಾಹಕರು ಊಟಕ್ಕೆ ಕರೆದರೆ ಹಿಂದಿನ ದಿನವೇ ತಿಳಿಸಿ, ಕೊನೆಯ ಗಳಿಗೆಯಲ್ಲಿ ಹೇಳಿ ಅವರನ್ನು ಮುಜುಗರಕ್ಕೆ ಸಿಲುಕಿಸಬೇಡಿ. ನಮ್ಮ ಊಟ ಬೇಕಾದರೆ ಬಿಟಿಎಸ್‌ನ ‘ನಾನಾ’ ಎಂಬ ಹೆಸರಿನ ನಿಲ್ದಾಣದ ಸುತ್ತ, ಸೀಲೊಮ್‌ನ ಮಾರಿಯಮ್ಮನ್ ಗುಡಿಯ ಆಸುಪಾಸು, ಮತ್ತು ಎಂಆರ್‌ಟಿಯ ಸಾಮ್ ಯೋಟ್ ನಿಲ್ದಾಣದ ಹತ್ತಿರದ ಫಾಹುರತ್‌ನಲ್ಲಿ ಸಿಗುತ್ತದೆ.

ಬಿಲ್ಲುಗಳು

ಊರಿಗೆ ಬಂದ ಮೇಲೆ ಲೆಕ್ಕಪತ್ರ ವಿಭಾಗದವರು ತಡೆಯುವುದು ಇಲ್ಲಿ. ಥಾಯ್ ರಸೀದಿಯಲ್ಲಿ ವರ್ಷ ಬುದ್ಧಶಕದ್ದು, ನಮ್ಮದಕ್ಕಿಂತ 543 ಹೆಚ್ಚು. 2026 ಅಲ್ಲಿ 2569. ಸಣ್ಣದಾಗಿ ‘05/03/69’ ಎಂದು ಅಚ್ಚಾಗಿದ್ದರೆ ಅದು 2026ರ ಮಾರ್ಚ್ 5. ಪ್ರತಿ ರಸೀದಿಯ ಮೂಲೆಯಲ್ಲಿ ನಮ್ಮ ತಾರೀಖನ್ನು ಅಂದಂದೇ ಪೆನ್ನಿನಲ್ಲಿ ಬರೆದುಬಿಡಿ. ಥರ್ಮಲ್ ಕಾಗದದ ಅಕ್ಷರ ಬೇಗ ಮಾಸುತ್ತದೆ, ಫೋಟೊ ತೆಗೆದಿಡಿ. ಹೋಟೆಲಿನಲ್ಲಿ ‘ಬಾಯ್ ಕಮ್‌ಕಪ್ ಫಾಸಿ’, ಅಂದರೆ ತೆರಿಗೆ ಬಿಲ್, ಕಂಪನಿಯ ಹೆಸರು ವಿಳಾಸ ಹಾಕಿ ಕೊಡಿ ಎಂದು ಕೇಳಿ. ಬುಕಿಂಗ್ ದರದ ಮುಂದೆ ಎರಡು ಪ್ಲಸ್ ಚಿಹ್ನೆಯಿದ್ದರೆ ಮೇಲೆ ಹತ್ತು ಶೇಕಡಾ ಸೇವಾಶುಲ್ಕ, ಅದರ ಮೇಲೆ ಏಳು ಶೇಕಡಾ ವ್ಯಾಟ್ ಬರುತ್ತದೆ. 3,000 ಬಾತ್ ಕೋಣೆ 3,531 ಆಗುತ್ತದೆ. ಅನುಮತಿ ಕೇಳುವಾಗ ಈ ಮೊತ್ತವನ್ನೇ ಹಾಕಿ.

ಹೊರಡುವ ಸಂಜೆ

ರಾತ್ರಿಯ ವಿಮಾನಕ್ಕೆ ಸಂಜೆ ಐದರಿಂದ ಏಳೂವರೆಯೊಳಗೆ ಟ್ಯಾಕ್ಸಿಯಲ್ಲಿ ಹೊರಡುವುದನ್ನು ತಪ್ಪಿಸಿ. ನಾಲ್ಕಕ್ಕೆ ಮೊದಲು ಹೊರಡಿ, ಇಲ್ಲವೇ ರೈಲು ಹಿಡಿಯಿರಿ. ಆ ಹೊತ್ತಿನಲ್ಲಿ ಏರ್‌ಪೋರ್ಟ್ ರೈಲೂ ಮನೆಗೆ ಹೋಗುವವರಿಂದ ಕಿಕ್ಕಿರಿದಿರುತ್ತದೆ. ಬರುವಾಗ ಅನುಕೂಲವಾಗಿದ್ದ ಮಕ್ಕಸಾನ್‌ನಲ್ಲಿ ಈಗ ಪೆಟ್ಟಿಗೆಯೊಂದಿಗೆ ಹತ್ತಲು ಹೋದರೆ ಎರಡು ರೈಲು ಬಿಟ್ಟು ನಿಲ್ಲಬೇಕಾದೀತು. ಬಿಟಿಎಸ್‌ನಲ್ಲಿ ಹಿಂದಕ್ಕೆ ಫಯಾ ಥಾಯ್‌ವರೆಗೆ ಹೋಗಿ. ರೈಲು ಹೊರಡುವುದೇ ಅಲ್ಲಿಂದ, ಬಾಗಿಲು ತೆರೆದಾಗ ಒಳಗೆ ಜಾಗವಿರುತ್ತದೆ.